ಕರೆಂಟು ಹೋದಾಗ ಬರುತ್ತಿದ್ದ ಫೋನು

ಸರೋಜಾ, ನಿನ್ನ ಗಂಡ ಫೋನಿನಲ್ಲಿ ನಿನಗೆ ಹೇಳಿದ ಮಾತುಗಳನ್ನು ಕದ್ದು ಕೇಳಿದ್ದು ಸರ್ಕಾರವಲ್ಲ — ನಾನು. ಅವನು ನಲ್ಲೂರಿನ ಹುಣಸೆ ತೋಪಿಗೆ ಬರುತ್ತಾನೆಂದು ಪೊಲೀಸರಿಗೆ ತಿಳಿಸಿದವಳೂ ನಾನೇ. ಇದನ್ನು ಮೊದಲ ಉಸಿರಿಗೇ ಹೇಳಿಬಿಡಬೇಕು. ಇಲ್ಲದಿದ್ದರೆ ನನ್ನ ಸ್ವಭಾವ ನಿನಗೆ ಗೊತ್ತಲ್ಲ — ಮೊದಲು ಕಾಫಿ, ಆಮೇಲೆ ಬೀದಿಯ ಸುದ್ದಿ, ಆಮೇಲೆ ನನ್ನ ಮಂಡಿನೋವು, ಅಷ್ಟರಲ್ಲಿ ನೀನು "ಬರ್ತೀನಕ್ಕಾ, ಒಲೆ ಮೇಲೆ ಸಾರಿಟ್ಟಿದೀನಿ" ಎಂದು ಎದ್ದು ಹೋಗಿರುತ್ತೀಯ. ಇಷ್ಟು ವರ್ಷ ಆಗಿದ್ದು ಅದೇ.

ಮುಂದೆ ಹೇಳುವುದರಲ್ಲಿ ನಿನಗೆ ಗೊತ್ತಿರುವುದೂ ಬರುತ್ತದೆ. ಬರಲಿ. ಅದನ್ನು ನೀನು ನಮ್ಮ ನಡುಮನೆಯಲ್ಲಿ ನಿಂತು ಕಂಡವಳು, ನಾನು ಮಹಡಿಯ ಕೋಣೆಯಲ್ಲಿ ಕೂತು ಕಂಡವಳು.

ದೊಡ್ಡಬಳ್ಳಾಪುರದ ನಮ್ಮ ಬೀದಿಗೆ ಮೊದಲು ಫೋನು ಬಂದದ್ದು ನಮ್ಮ ಮನೆಗೆ. ಅರ್ಜಿ ಹಾಕಿ ವರ್ಷಗಟ್ಟಲೆ ಕಾದು, ಎಂಬತ್ತರ ದಶಕ ಮುಗಿಯುವ ಹೊತ್ತಿಗೆ ಬಂದ ಆ ಕಪ್ಪು ಫೋನಿಗೆ ನಾನು ಜರಿ ಅಂಚಿನ ಹೊದಿಕೆ ಹೊಲಿದಿದ್ದೆ. ಶುಕ್ರವಾರ ಕುಂಕುಮ ಇಡುತ್ತಿದ್ದೆ — ನಗಬೇಡ, ಒಂದು ಸಲ ನೀನೂ ಅದಕ್ಕೆ ಹೂವಿಟ್ಟಿದ್ದೆ. ಬೀದಿಯವರ ಮದುವೆ ಪತ್ರಿಕೆಗಳ ಮೂಲೆಯಲ್ಲಿ, ಸೀರೆ ವ್ಯಾಪಾರದವರ ಕಾರ್ಡುಗಳಲ್ಲಿ ನಮ್ಮ ನಂಬರನ್ನೇ ಅಚ್ಚು ಹಾಕಿಸುತ್ತಿದ್ದರು. ಅದರ ಪಕ್ಕದಲ್ಲಿ 'ಪಿ.ಪಿ.' ಎಂಬ ಎರಡಕ್ಷರ. ಅಂದರೆ ಫೋನು ಪಕ್ಕದ ಮನೆಯದು, ಕೇಳಿದರೆ ಕರೆದು ಕೊಡುತ್ತಾರೆ ಎಂದು. ಕರೆದು ಕೊಡುವವಳು ನಾನು. ಯಾರ ಮಗಳಿಗೆ ಗಂಡು ಒಪ್ಪಿತು, ಯಾರ ಮಾವ ಆಸ್ಪತ್ರೆ ಸೇರಿದರು, ಎಲ್ಲ ಮೊದಲು ನನಗೆ ತಿಳಿಯುತ್ತಿತ್ತು. ಆ ದೊಡ್ಡಸ್ತಿಕೆ ನನ್ನ ತಲೆಗೇರಿತ್ತು ಎಂದು ಈಗ ಅನ್ನಿಸುತ್ತದೆ. ಆಗ ಅದನ್ನು ಉಪಕಾರ ಎಂದುಕೊಂಡಿದ್ದೆ.

ನಡುಮನೆಯ ಗೋಡೆಗೆ ಅಂಟಿಕೊಂಡೇ ನಮ್ಮ ಮಗ್ಗದ ಶೆಡ್ಡು. ಕರೆಂಟು ಇದ್ದಷ್ಟು ಹೊತ್ತೂ ಮಗ್ಗಗಳ ಗಡಗಡ. ಫೋನು ಹಿಡಿದವರು ಬೀದಿಯೆಲ್ಲ ಕೇಳುವಂತೆ ಕಿರುಚಬೇಕು. ನಮ್ಮ ಯಜಮಾನರು ಸೂರತ್ತಿನ ನೂಲಿನವರ ಜೊತೆ ವ್ಯವಹಾರ ಮಾತಾಡಲು ಅದಕ್ಕೇ ಮಹಡಿಯಲ್ಲಿ ಇನ್ನೊಂದು ಫೋನು ಇಡಿಸಿದ್ದರು, ಅದೇ ಲೈನಿಗೆ ಸೇರಿದ ಪ್ಯಾರಲಲ್ ಫೋನು. ಕೆಳಗಿನವರು ಮಾತಾಡುವಾಗ ಮೇಲಿನದನ್ನು ಎತ್ತಿದರೆ ಎರಡೂ ಕಡೆಯ ಮಾತು ಕೇಳುತ್ತಿತ್ತು. ಎತ್ತುವಾಗ ಟಕ್ಕೆಂದು ಒಂದು ಸಣ್ಣ ಸದ್ದಾಗುತ್ತಿತ್ತು, ಅಷ್ಟೇ.

ಕೂಲಿ ಹೆಚ್ಚಿಸಿ ಎಂದು ಮಗ್ಗದ ಕೆಲಸಗಾರರು ಮೆರವಣಿಗೆ ಹೋದ ಆ ವರ್ಷ ನೆನಪಿಸಿಕೋ. ತೊಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ನಿನ್ನ ಮಂಜುನಾಥ ಆಚೆ ಬೀದಿಯ ಶೆಡ್ಡಿನಲ್ಲಿ ನೇಯುತ್ತಿದ್ದ, ಸಂಘಕ್ಕೆ ಕಾರ್ಯದರ್ಶಿ. ಯಾರೋ ಕಲ್ಲೆಸೆದರು, ಪೊಲೀಸ್ ಜೀಪಿನ ಗಾಜು ಒಡೆಯಿತು, ಒಬ್ಬ ಪೇದೆಯ ಹಣೆಗೆ ಏಟಾಯಿತು. ಮಂಜುನಾಥ ಕಲ್ಲು ಮುಟ್ಟಿರಲಿಲ್ಲ. ಮೆರವಣಿಗೆಯ ಮುಂದಿದ್ದ, ಅಷ್ಟಕ್ಕೇ ಮೊದಲನೇ ಆರೋಪಿ ಮಾಡಿದರು. ಬೆಂಗಳೂರಿನ ವಕೀಲರು ಜಾಮೀನಿಗೆ ಓಡಾಡುತ್ತಿದ್ದರು, ಅದು ಸಿಗುವವರೆಗೆ ಎಲ್ಲಾದರೂ ಇರು ಎಂದಿದ್ದರು. ಅವನು ಊರು ಬಿಟ್ಟ. ನೀನು ಆಗ ಬಸುರಿ, ನಮ್ಮ ಸೀರೆಗಳಿಗೆ ಕುಚ್ಚು ಕಟ್ಟುತ್ತ ಪಕ್ಕದ ಮನೆಯಲ್ಲಿ ಒಬ್ಬಳೇ ಇದ್ದೆ.

ಅವನು ಫೋನು ಮಾಡುತ್ತಿದ್ದುದು ಮಧ್ಯಾಹ್ನ, ಕರೆಂಟು ತೆಗೆಯುವ ಹೊತ್ತಿಗೆ. ನಮ್ಮೂರಿನ ಮಗ್ಗದವನಿಗಲ್ಲದೆ ಆ ಉಪಾಯ ಇನ್ಯಾರಿಗೆ ಹೊಳೆಯಬೇಕು! ಕರೆಂಟು ಹೋದರೆ ಮಗ್ಗ ನಿಲ್ಲುತ್ತದೆ, ಕೆಲಸದವರು ಬೀಡಿ ಹಚ್ಚಿಕೊಂಡು ಆಚೆ ಹೋಗುತ್ತಾರೆ, ಯಜಮಾನರು ಟೀ ಅಂಗಡಿಗೆ ನಡೆಯುತ್ತಾರೆ, ಮನೆ ಖಾಲಿ, ಬೀದಿ ನಿಶ್ಶಬ್ದ. ಫೋನಿಗೆ ಮಾತ್ರ ನಮ್ಮ ಕರೆಂಟಿನ ಹಂಗಿಲ್ಲ. ಗಂಡ ಹೆಂಡಿರು ಪಿಸುಮಾತಿನಲ್ಲಿ ಆಡಿದರೂ ಕೇಳುತ್ತದೆ. "ಸರೋಜನ್ನ ಸ್ವಲ್ಪ ಕರೀತೀರಾ ಅಕ್ಕಾ?" ಎನ್ನುತ್ತಿದ್ದ. ಹೆಸರು ಹೇಳುತ್ತಿರಲಿಲ್ಲ, ನಾನೂ ಕೇಳುತ್ತಿರಲಿಲ್ಲ. ಹಿತ್ತಲ ಗೋಡೆಯ ಮೇಲಿಂದ ನಿನ್ನನ್ನು ಕೂಗಿ, ನೀನು ಬಂದ ಮೇಲೆ "ನೀನು ಮಾತಾಡು, ನಾನು ಮೇಲೆ ಬಟ್ಟೆ ಮಡಚ್ತೀನಿ" ಎಂದು ಮೆಟ್ಟಿಲು ಹತ್ತುತ್ತಿದ್ದೆ.

ಮೊದಲ ಸಲ ಅಕಸ್ಮಾತ್ತಾಗಿ ಎತ್ತಿದೆ ಎಂದು ಹೇಳಲು ಬಾಯಿ ಬರುತ್ತದೆ. ಸುಳ್ಳು. ಬೇಕೆಂದೇ ಎತ್ತಿದೆ. ಎಲ್ಲಿದ್ದಾನೆ, ಏನು ಸಂಚು, ಸಂಘದವರು ನಮ್ಮ ಶೆಡ್ಡಿಗೂ ಬೀಗ ಹಾಕಿಸುತ್ತಾರೋ ಏನೋ — ಹೀಗೆಲ್ಲ ಮನಸ್ಸಿಗೆ ಒಂದು ನೆಪ ಕೊಟ್ಟುಕೊಂಡೆ. ಆದರೆ ಕೇಳಿಸಿದ್ದು ಸಂಚಲ್ಲ. "ಊಟ ಆಯ್ತಾ? ಏನ್ ಸಾರು? ಮತ್ತೆ ಉಪ್ಪು ಸುರ್ದಿದ್ಯಾ?" "ಕಾಲು ಊದ್ಕೊಂಡಿದ್ರೆ ಕುಚ್ಚು ಪಕ್ಕಕ್ಕಿಡೇ, ಅಕ್ಕ ಏನೂ ಅನ್ನಲ್ಲ." "ಇವತ್ತು ಒದೀತಾ? ಎಷ್ಟೊತ್ತಲ್ಲಿ?" ನೀನು ನಗುತ್ತಿದ್ದೆ, ಅಳುತ್ತಿದ್ದೆ. ಅವನು ಎಲ್ಲಿದ್ದೇನೆಂದು ಯಾವತ್ತೂ ಹೇಳಲಿಲ್ಲ, ನೀನೂ ಕೇಳಲಿಲ್ಲ.

ನನಗೆ ಆಗ ಮದುವೆಯಾಗಿ ಹತ್ತಾರು ವರ್ಷ. ನಮ್ಮ ಯಜಮಾನರು ಕೆಟ್ಟವರಲ್ಲ, ಕೈಯೆತ್ತಿದವರಲ್ಲ. ಆದರೆ ನನ್ನ ಕಾಲು ಊದಿದೆಯೇ ಎಂದು ಕೇಳಿದ್ದು — ನೆನಪಿಲ್ಲ. ನಮ್ಮಿಬ್ಬರ ಮಾತೆಲ್ಲ ನೂಲು, ಬಣ್ಣ, ಕೆಲಸದವರ ಊಟ. ನಿಮ್ಮ ಮಾತನ್ನು ಕೇಳುವುದು ನನಗೆ ಚಟವಾಯಿತು. ಕರೆಂಟು ಯಾವಾಗ ಹೋಗುತ್ತದೆ ಎಂದು ಕಾಯುತ್ತಿದ್ದೆ. ಫೋನು ಬಾರದ ದಿನ ಸಿಡುಕುತ್ತಿದ್ದೆ. ಕೇಳಿ ಇಟ್ಟ ಮೇಲೆ ಹೊಟ್ಟೆಯಲ್ಲಿ ಉರಿ. ಅದಕ್ಕೆ ಹೆಸರು ಹೊಟ್ಟೆಕಿಚ್ಚು, ಸರೋಜಾ. ಕುಚ್ಚು ಕಟ್ಟಿ ಬದುಕುವ ನಿನ್ನ ಮೇಲೆ, ಮಗ್ಗದ ಒಡತಿಯಾದ ನನಗೆ.

ಪೊಲೀಸರಿಗೆ ತಿಳಿಸಿದೆ ಎಂದೆನಲ್ಲ, ಆ ಮಫ್ತಿಯ ಮನುಷ್ಯ ನಮ್ಮ ಮನೆಗೆ ಬಂದದ್ದು ಮಂಜುನಾಥನನ್ನು ಹುಡುಕಿಕೊಂಡಲ್ಲ. ಯಜಮಾನರ ಊರಿನ ಕಡೆಯವನು, ಪೊಲೀಸ್ ಇಲಾಖೆಯಲ್ಲಿ ಗುಪ್ತ ಸುದ್ದಿ ಸೇರಿಸುವ ಕೆಲಸ ಎಂದು ಎಲ್ಲರಿಗೂ ಗೊತ್ತು. ಮಗಳ ನಿಶ್ಚಿತಾರ್ಥಕ್ಕೆ ಸೀರೆ ನೋಡಲು ಬಂದಿದ್ದ. ಯಜಮಾನರು ಶೆಡ್ಡಿನಲ್ಲಿದ್ದರು, ನಾನು ಸೀರೆ ಬಿಡಿಸಿ ತೋರಿಸುತ್ತಿದ್ದೆ. ಮಾತಿಗೆ ಮಾತು ಬಂದು, "ಪಾಪ, ಆ ಪಕ್ಕದ್ಮನೆ ಹುಡ್ಗಿ, ಗಂಡ ಬದುಕವ್ನೋ ಇಲ್ವೋ ಗೊತ್ತಿಲ್ಲ" ಅಂದ. ನಾನು ಸುಮ್ಮನಿರಬಹುದಿತ್ತು. "ಚೆನ್ನಾಗವ್ನೆ ಬಿಡಿ, ವಾರವಾರ ಫೋನ್ ಮಾಡ್ತಾನೆ" ಅಂದುಬಿಟ್ಟೆ. ನನಗೆ ಗೊತ್ತಿದೆ ಎಂದು ತೋರಿಸಿಕೊಳ್ಳುವ ಆಸೆ, ಮತ್ತೇನಲ್ಲ.

ಅವನು ಸೀರೆಯಿಂದ ಕಣ್ಣೆತ್ತಲಿಲ್ಲ. ಅಂಚು ಸವರುತ್ತಲೇ ಹೇಳಿದ: "ನೋಡಮ್ಮಾ, ಈ ಲೈನಿಗೆ ನಾವು ಕಿವಿ ಹಾಕ್ಬೇಕಂದ್ರೆ ಬೆಂಗಳೂರಿಂದ ಆರ್ಡರ್ ಆಗ್ಬೇಕು. ಕಾರಣ ಬರೀಬೇಕು, ದೊಡ್ಡೋರ ಸೈನು, ಎಕ್ಸ್‌ಚೇಂಜಿನೋರ ಕೈಕಾಲು ಹಿಡೀಬೇಕು. ಇಂಥ ಸಣ್ಣ ಕೇಸ್ಗೆ ಯಾರು ಕೊಡ್ತಾರೆ? ನೀವಾದ್ರೆ ಮನೆಯೋರು. ನಿಮ್ಮನೆ ಫೋನು, ನಿಮ್ಮ ಕಿವಿ. ನೀವು ಕೇಳಿಸ್ಕೊಂಡ್ರೆ ಯಾವ ಆರ್ಡರೂ ಬೇಡ. ಎಲ್ಲಾದ್ರೂ ಸಿಗ್ತೀನಿ ಅಂದ್ರೆ ಒಂದ್ಮಾತು ಹೇಳಿ, ಸಾಕು. ಹುಡ್ಗಂಗೆ ಏನೂ ಮಾಡಲ್ಲ, ಕೋರ್ಟಿಗೆ ಹಾಜರು ಮಾಡ್ತೀವಿ, ಅಷ್ಟೇ."

ಹೆದರಿಸಲಿಲ್ಲ, ಆಸೆ ತೋರಿಸಲಿಲ್ಲ. ಹೆದರಿಸಿದ್ದರೆ ಇವತ್ತು ಹೇಳಿಕೊಳ್ಳಲು ಏನಾದರೂ ಇರುತ್ತಿತ್ತು. ನಾನು ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಸೀರೆ ಮಡಚಿ ಕೊಟ್ಟೆ.

ಅದಾದ ಮುಂದಿನ ವಾರ ಮಂಜುನಾಥನ ಫೋನು ಬಂತು. ನೀನು ಹೆರಿಗೆಗೆ ತವರಿಗೆ ಹೋಗುವುದು ನಿಶ್ಚಯವಾಗಿತ್ತು. ನಲ್ಲೂರಿಗೆ ಹತ್ತಿರದ ನಿನ್ನ ಅಮ್ಮನ ಊರು. ಅವನು ಹೇಳಿದ, "ಗುರುವಾರ ದೇವನಹಳ್ಳಿ ಬಸ್ಸಿಳಿದು ಅಮ್ಮನ ಮನೆಗೋಗೋಕ್ ಮುಂಚೆ ತೋಪಿಗೆ ಬಾ. ಹನ್ನೊಂದು ಗಂಟೆಗೆ ಅಲ್ಲಿರ್ತೀನಿ. ಒಂದ್ಸಲ ನಿನ್ನ ನೋಡ್ಬೇಕು ಕಣೇ, ಹೊಟ್ಟೆ ಮುಟ್ಟಿ ನೋಡಿ ಹೊರಟ್ಹೋಗ್ತೀನಿ." ನೀನು, "ಬೇಡ ಕಣ್ರೀ, ಜಾಮೀನು ಇನ್ನೇನು ಆಗ್ಬಿಡುತ್ತೆ ಅಂದವ್ರಲ್ಲ" ಅಂದೆ. ಅವನು ಒಪ್ಪಲಿಲ್ಲ. ನೀನೂ ಬಹಳ ಹೊತ್ತು ಬೇಡ ಅನ್ನಲಿಲ್ಲ.

ನಾನು ಕೆಳಗಿಳಿದು ಬಂದಾಗ ನೀನು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಿದ್ದೆ. "ಏನಂತೆ?" ಎಂದು ಕೇಳಿದೆ. "ಏನಿಲ್ಲಕ್ಕಾ, ಸುಮ್ನೆ. ಗುರುವಾರ ಅಮ್ಮನ ಮನೆಗೆ ಹೊರಡ್ತೀನಿ" ಎಂದೆ. ನೀನು ತೋಪಿನ ವಿಷಯ ಹೇಳಲಿಲ್ಲ.

ಆಗ ನನಗೆ ಎಂಥ ಕೋಪ ಬಂತು ಗೊತ್ತೇ? ಇಷ್ಟು ಮಾಡಿದರೂ ನನ್ನನ್ನು ನಂಬಲಿಲ್ಲವಲ್ಲ ಇವಳು, ನನ್ನ ಫೋನಿನಲ್ಲೇ ಮಾತಾಡಿ ನನಗೇ ಸುಳ್ಳು ಹೇಳುತ್ತಾಳಲ್ಲ ಎಂದು. ಕದ್ದು ಕೇಳಿದವಳು ನಾನು, ಮುನಿಸಿಕೊಂಡವಳೂ ನಾನು. ಈಗ ಹೇಳುವಾಗ ನಾಚಿಕೆಯಾಗುತ್ತದೆ. ಅಂದು ಸಂಜೆಯೇ ಆ ಮನುಷ್ಯ ಸೀರೆಗೆ ರವಿಕೆ ಬಟ್ಟೆ ಕೇಳುವ ನೆಪದಲ್ಲಿ ಬಂದ. "ಗುರುವಾರ, ನಲ್ಲೂರು ತೋಪು, ಹನ್ನೊಂದು ಗಂಟೆ" ಎಂದೆ. ಇಷ್ಟೇ ಮಾತು. ರವಿಕೆ ಬಟ್ಟೆಯನ್ನೂ ಕೊಟ್ಟೆ.

ನಡುವೆ ಎರಡು ದಿನ ಇತ್ತು, ಸರೋಜಾ. ಒಂದು ಮಾತು ಸಾಕಿತ್ತು — ಹೋಗಬೇಡ. ಗೋಡೆಯ ಈಚೆ ನಾನು, ಆಚೆ ನೀನು. ಬಾಯಿ ಬಿಟ್ಟರೆ ನಾನು ಕೇಳಿದ್ದು ಗೊತ್ತಾಗುತ್ತದೆ. ಬಿಡದಿದ್ದರೆ... ಬಿಡಲಿಲ್ಲ. ಗುರುವಾರ ಬೆಳಗ್ಗೆ ನಿನ್ನನ್ನು ಮಣೆಯ ಮೇಲೆ ಕೂರಿಸಿ, ತಲೆ ತುಂಬ ಹೂ ಮುಡಿಸಿ, ಕೈ ತುಂಬ ಹಸಿರು ಬಳೆ ತೊಡಿಸಿ ಮಡಿಲು ತುಂಬಿದೆ. ನೀನು ನನ್ನ ಕಾಲು ಮುಟ್ಟಿ ನಮಸ್ಕಾರ ಮಾಡಿದೆ. "ಸುಖವಾಗಿ ಹೆತ್ತು ಬಾ" ಎಂದು ಹರಸಿದೆ. ಎಲ್ಲ ಗೊತ್ತಿದ್ದೂ ಹರಸಿದೆ. ನಾನು ಮಾಡಿದ್ದರಲ್ಲೆಲ್ಲ ನನಗೆ ಇವತ್ತಿಗೂ ಸಹಿಸಲಾಗದ್ದು ಅದೊಂದೇ.

ಮುಂದಿನದನ್ನು ನೀನು ಕಣ್ಣಾರೆ ಕಂಡೆ. ಮರಗಳ ಹಿಂದಿನಿಂದ ಬಂದವರು, ಬೇಡಿ, ವ್ಯಾನು. ಅವನನ್ನು ನಿನ್ನ ಹತ್ತಿರ ಬರಲೂ ಬಿಡಲಿಲ್ಲವಂತೆ. ವಾರ ಕಳೆದು ಜಾಮೀನಿನ ಮೇಲೆ ಹೊರಬಂದಾಗ ಬಲಗೈ ಮಣಿಕಟ್ಟು ಮುರಿದಿತ್ತು, ಸರಿಯಾಗಿ ಕೂಡಿಕೊಳ್ಳಲೇ ಇಲ್ಲ. ಹರಿದ ಎಳೆಯನ್ನು ಮಗ್ಗ ನಡೆಯುತ್ತಿರುವಾಗಲೇ ಹಿಡಿದು ಗಂಟು ಹಾಕುತ್ತಿದ್ದ ಕೈ ಅದು. ಆಮೇಲೆ ಅದರಲ್ಲಿ ಒಂದು ಚೊಂಬು ನೀರೂ ಗಟ್ಟಿಯಾಗಿ ಹಿಡಿಯಲಾಗುತ್ತಿರಲಿಲ್ಲ. ಸೋಂಪುರದ ಒಂದು ಕಾರ್ಖಾನೆಯಲ್ಲಿ ಗೇಟು ಕಾಯುವ ಕೆಲಸಕ್ಕೆ ಸೇರಿಕೊಂಡ.

ಬಾಣಂತನ ಮುಗಿಸಿ ಬಂದ ನೀನು ಮೊದಲು ಬಂದದ್ದು ನಮ್ಮ ಮನೆಗೆ. ಮಗು ಅಶ್ವಿನಿಯನ್ನು ನನ್ನ ಮಡಿಲಿಗೆ ಹಾಕಿ ಅಳತೊಡಗಿದೆ. ಗೊತ್ತಾಗಿಬಿಟ್ಟಿದೆ ಎಂದುಕೊಂಡೆ. ನೀನು ಹೇಳಿದ್ದೇ ಬೇರೆ: "ನಮ್ಮಿಂದ ನಿಮ್ಮ ಮನೆಗೂ ಕೆಟ್ಟ ಹೆಸರು ಬಂತಲ್ಲಕ್ಕಾ. ನಿಮ್ಮ ಫೋನ್ನ ಟ್ಯಾಪ್ ಮಾಡ್ಬಿಟ್ಟವ್ರೆ. ನಾನು ಮಾತಾಡುವಾಗೆಲ್ಲ ಟಕ್ ಅಂತಿತ್ತು, ಆಗ್ಲೇ ಗೊತ್ತಾಗ್ಬೇಕಿತ್ತು ನಂಗೆ. ತಪ್ಪಾಯ್ತು ಅಕ್ಕಾ, ಮನಸ್ನಾಗಿಟ್ಕೋಬೇಡಿ." ಅದಕ್ಕೆ ಕೆಲವು ವರ್ಷ ಮೊದಲಷ್ಟೇ ದೊಡ್ಡ ದೊಡ್ಡವರ ಫೋನುಗಳನ್ನು ಕದ್ದು ಕೇಳಿದರೆಂದು ಪತ್ರಿಕೆಗಳಲ್ಲಿ ಗಲಾಟೆಯಾಗಿತ್ತು, ಟ್ಯಾಪಿಂಗ್ ಎಂಬ ಮಾತು ಬೀದಿಯಲ್ಲಿ ಎಲ್ಲರ ಬಾಯಲ್ಲೂ ಇತ್ತು. ನೀನು ನನ್ನ ಕ್ಷಮೆ ಕೇಳುತ್ತಿದ್ದೆ. ನಾನು ಕೊಟ್ಟೆ. "ಹೋಗ್ಲಿ ಬಿಡು, ನೀನೇನ್ ಮಾಡ್ತೀಯ" ಎಂದೆ.

ಅಂದಿನಿಂದ ಬೀದಿಯವರೆಲ್ಲ ನಮ್ಮ ಫೋನು ಮುಟ್ಟಲು ಹೆದರಿದರು. ಮುಟ್ಟಿದವರು "ಸರ್ಕಾರ ಕೇಳ್ತಾ ಇದೆ" ಎಂದು ಪಿಸುಗುಟ್ಟಿ ನಗುತ್ತಿದ್ದರು. ನಾನೂ ನಗುತ್ತಿದ್ದೆ. ಮಹಡಿಯ ಫೋನನ್ನು ಕೀಳಿಸಿಹಾಕಿದೆ. ಯಾಕೆಂದು ಯಜಮಾನರು ಕೇಳಿದಾಗ "ಧೂಳು ಕೂರುತ್ತೆ" ಎಂದೆ. ಅವರು ಇನ್ನೇನೂ ಕೇಳಲಿಲ್ಲ.

ಇಲ್ಲಿಗೇ ನಿಂತಿದ್ದರೂ — ನಿಲ್ಲಲಿಲ್ಲ. ಪೊಲೀಸರು ಕೈ ಮುರಿದದ್ದಕ್ಕೆ ನ್ಯಾಯ ಬೇಕೆಂದು ನೀವು ಕೋರ್ಟಿಗೆ ಹೋದಿರಿ. ಆ ವಯಸ್ಸಾದ ವಕೀಲರು ಬೆಂಗಳೂರಿನಿಂದ ನಮ್ಮ ಮನೆಗೆ ಬಂದರು, ನೀನೇ ಕರೆದುಕೊಂಡು ಬಂದೆ. "ಫೋನು ಕೇಳೋ ಅಧಿಕಾರ ಸರ್ಕಾರಕ್ಕೆ ಇದೆ ತಾಯಿ, ಬ್ರಿಟಿಷರ ಕಾಲದ ಕಾನೂನು. ಆದ್ರೆ ಮನಸ್ಸಿಗೆ ಬಂದ ಹಾಗೆ ಕೇಳೋ ಹಾಗಿಲ್ಲ. ಇಲ್ಲಿ ಆರ್ಡರ್ ಇಲ್ಲದೇ ಕೇಳಿದಾರೆ, ನಮ್ಮ ಕೇಸು ನಿಂತಿರೋದೇ ಅದರ ಮೇಲೆ" ಎಂದರು. ನಾನೂ ಆ ಸದ್ದು ಕೇಳಿದ್ದೇನೆಯೇ ಎಂದು ವಿಚಾರಿಸಿದರು. ಕೇಳಿದ್ದೇನೆ ಎಂದೆ. ಪ್ರಮಾಣಪತ್ರಕ್ಕೆ ಸಹಿ ಹಾಕುವಿರಾ ಎಂದರು. ಹಾಕಿದೆ. ಸದ್ದು ಬರುತ್ತಿದ್ದುದು ನಿಜವಲ್ಲವೇ! ಅದರಲ್ಲಿ ಒಂದಕ್ಷರ ಸುಳ್ಳಿರಲಿಲ್ಲ. ನೀನು ನನ್ನ ಎರಡೂ ಕೈ ಹಿಡಿದು, "ಸರ್ಕಾರದ ಎದುರಿಗೆ ನಿಲ್ಲೋಕೆ ಯಾರಿಗಿದೆ ಅಕ್ಕಾ ಈ ಧೈರ್ಯ" ಎಂದೆ.

ಸರ್ಕಾರದವರು ಕೋರ್ಟಿನಲ್ಲಿ ಹೇಳಿದರು: ಈ ಫೋನನ್ನು ನಾವು ಯಾವತ್ತೂ ಕೇಳಿಲ್ಲ, ಆರ್ಡರು ಕೇಳಿದ್ದೂ ಇಲ್ಲ, ಕೊಟ್ಟಿದ್ದೂ ಇಲ್ಲ. ಬೀದಿಯೆಲ್ಲ ಉಗಿಯಿತು, ಎಂಥ ಸುಳ್ಳು ಹೇಳುತ್ತಾರೆ ಎಂದು. ಅವರು ಹೇಳಿದ್ದು ನಿಜ ಎಂದು ಗೊತ್ತಿದ್ದವಳು ಊರಲ್ಲಿ ನಾನೊಬ್ಬಳೇ. ಹಿಡಿದಾಗ ಅವನ ಕೈ ಸರಿಯಿತ್ತು ಎಂಬುದಕ್ಕೆ ನೀನೊಬ್ಬಳೇ ಸಾಕ್ಷಿ. ಓಡುವಾಗ ಬೇರಿಗೆ ಎಡವಿ ಬಿದ್ದ ಎನ್ನುವುದು ಪೊಲೀಸರ ಮಾತು. ಫೋನಿನ ಕಥೆ ಬರೀ ಕಲ್ಪನೆ, ಅದನ್ನು ಹೇಳಿದವಳ ಇನ್ನೊಂದು ಮಾತನ್ನು ನಂಬುವುದು ಹೇಗೆ ಎಂದು ಕೇಸು ವಜಾ ಆಯಿತು. ಕೈಯ ವಿಷಯದಲ್ಲಿ ನೀನು ಹೇಳಿದ್ದು ಸತ್ಯ. ನನ್ನಿಂದಾಗಿ ಆ ಸತ್ಯವೂ ಸುಳ್ಳಿನ ಲೆಕ್ಕಕ್ಕೆ ಹೋಯಿತು. ಬಾಯಿ ಬಿಡಲು ದೇವರು ನನಗೆ ಎರಡನೇ ಅವಕಾಶ ಕೊಟ್ಟಿದ್ದ, ಅದೂ ಕೋರ್ಟಿನ ಬಾಗಿಲಲ್ಲಿ. ಅಲ್ಲಿಂದ ಬರುವಾಗ ಬಸ್ಸಿನಲ್ಲಿ ನಾನು ನಿನಗೆ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟೆ.

ಆ ದಶಕ ಮುಗಿಯುವ ಮೊದಲು ಪತ್ರಿಕೆಯಲ್ಲಿ ಓದಿದೆ, ಫೋನು ಕದ್ದು ಕೇಳಲು ಸರ್ಕಾರಕ್ಕೆ ದೊಡ್ಡ ಕೋರ್ಟು ಕಟ್ಟುನಿಟ್ಟಿನ ನಿಯಮ ಹಾಕಿದೆ ಎಂದು. ಯಾರು ಅಪ್ಪಣೆ ಕೊಡಬೇಕು, ಎಷ್ಟು ಕಾಲ, ಯಾರು ಪರಿಶೀಲಿಸಬೇಕು, ಎಲ್ಲ. ಎರಡೆರಡು ಸಲ ಓದಿದೆ. ಮಹಡಿ ಹತ್ತಿ ಕೂರುವ ಹೆಂಗಸಿಗೆ ಅದರಲ್ಲಿ ಯಾವ ನಿಯಮವೂ ಇರಲಿಲ್ಲ.

ಆಮೇಲೆ ಬದುಕು ನಡೆಯಿತು. ಎಲ್ಲರ ಮನೆಗೂ ಫೋನು ಬಂದು ನಮ್ಮದರ ದೊಡ್ಡಸ್ತಿಕೆ ಹೋಯಿತು. ಯಜಮಾನರು ತೀರಿಕೊಂಡಾಗ ತಿಥಿ ಮುಗಿಯುವವರೆಗೆ ನಮ್ಮ ಮನೆಯ ಒಲೆ ಹಚ್ಚಿದವಳು ನೀನು. ಹಬ್ಬಕ್ಕೆ ಮೊದಲ ಒಬ್ಬಟ್ಟು ನಿನ್ನ ಮನೆಯಿಂದ ನನಗೆ ಬರುತ್ತದೆ. ನಾನು ತಿನ್ನುತ್ತೇನೆ, ಸರೋಜಾ. ರುಚಿಯಾಗಿದೆ ಎನ್ನುತ್ತೇನೆ.

ಈಗ ಯಾಕೆ ಹೇಳುತ್ತಿದ್ದೇನೆ ಎಂದು ನೀನು ಕೇಳಬೇಕು. ಒಳ್ಳೆಯವಳಾದೆನೆಂದಲ್ಲ. ಮೊನ್ನೆ ಅಶ್ವಿನಿ ಬಂದಿದ್ದಳು. ಕಾನೂನು ಓದುವ ಹುಡುಗಿ, ಅಪ್ಪನ ಹಳೆಯ ಕೇಸು ಎಳೆದುಕೊಂಡು ಕೂತಿದ್ದಾಳೆ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದಳಂತೆ, ಆ ಫೋನಿನ ಮೇಲೆ ಯಾವ ಆದೇಶವೂ ಇರಲಿಲ್ಲ ಎಂದು ಉತ್ತರ ಬಂದಿದೆಯಂತೆ. "ಇನ್ನೂ ಸುಳ್ಳು ಹೇಳ್ತಿದಾರೆ ದೊಡ್ಡಮ್ಮಾ. ಕೆಲ್ಸ ಗಿಲ್ಸ ಆಮೇಲೆ, ಇದನ್ನ ನಾನು ಬಿಡಲ್ಲ" ಎಂದಳು. ಮಂಜುನಾಥ ಸಾಕು ಬಿಡಮ್ಮ ಎಂದರೂ ಕೇಳುತ್ತಿಲ್ಲವಂತೆ. ಇಲ್ಲದ ಆದೇಶವನ್ನು ಹುಡುಕುತ್ತ ಅವಳ ಪ್ರಾಯವೆಲ್ಲ ಕಳೆದುಹೋಗುತ್ತದೆ. ಅಪ್ಪನ ಕೈ ಹೋಯಿತು, ಅಮ್ಮನ ಮಾತು ಹೋಯಿತು. ಮಗಳದ್ದನ್ನೂ ನಾನೇ ತೆಗೆದುಕೊಳ್ಳಲೇ?

ಅವಳು ತನ್ನ ಮೊಬೈಲನ್ನು ನನ್ನ ಮುಂದೆ, ಮೇಜಿನ ಮೇಲೆ, ನನಗೆ ಕಾಣುವ ಹಾಗೆ ಇಟ್ಟಳು. "ಆಗ ನೀವು ಕೇಳಿದ ಸದ್ದಿನ ಬಗ್ಗೆ ಹೇಳಿ ದೊಡ್ಡಮ್ಮಾ. ನಿಮ್ಮ ಮಾತು ರೆಕಾರ್ಡ್ ಮಾಡ್ಕೊಳ್ಲಾ? ನೀವು ಹೂಂ ಅಂದ್ರೆ ಮಾತ್ರ" ಎಂದಳು. ತಲೆಸುತ್ತು ಎಂದು ಹೇಳಿ, ಭಾನುವಾರ ಬಾ ಎಂದು ಕಳಿಸಿಬಿಟ್ಟೆ. ಅವಳು ಹೋಗುವ ಮೊದಲು ನನಗೆ ನೀರು ತಂದು ಕೊಟ್ಟು, ಫ್ಯಾನು ಹಾಕಿ ಹೋದಳು.

ಕ್ಷಮಿಸು ಎಂದು ಕೇಳುವುದಿಲ್ಲ. ನೀನು ಕ್ಷಮಿಸಿಬಿಡುವ ಪೈಕಿ, ಅದಕ್ಕೇ ಕೇಳಬಾರದು. ಕೋರ್ಟಿಗೆ ಬಾ ಎಂದರೆ ಬರುತ್ತೇನೆ, ಆ ಮಫ್ತಿಯವನ ಹೆಸರು ಹೇಳುತ್ತೇನೆ, ನನ್ನ ಹೆಸರನ್ನೂ. ಬೀದಿಯವರ ಎದುರು ಹೇಳು ಎಂದರೆ ಅಲ್ಲೂ ಹೇಳುತ್ತೇನೆ. ಹಬ್ಬಕ್ಕೆ ನಿನ್ನ ಮನೆಯಿಂದ ಏನೂ ಬಾರದಿದ್ದರೆ ಯಾಕೆಂದು ಕೇಳುವುದಿಲ್ಲ.

ಭಾನುವಾರ ನೀನೂ ಬಾ, ಮಂಜುನಾಥನನ್ನೂ ಕರೆದುಕೊಂಡು ಬಾ. ಮೂವರೂ ನನ್ನೆದುರು ಕೂತು ಕೇಳಿ. ಅಶ್ವಿನಿಗೆ ಹೇಳು, ನಾನು ಹೂಂ ಅಂದಿದ್ದೇನೆ ಎಂದು. ರೆಕಾರ್ಡ್ ಮಾಡಿಕೊಳ್ಳಲಿ.